ಮೋಟಾರ್ ತಿರುಗುತ್ತಿಲ್ಲವೇ? ಮೊದಲು ಕಪ್ಪು ವೈರ್ ನೋಡಿ

ಹೋದ ವರ್ಷ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಎಂಟನೇ ತರಗತಿಯ ಇಬ್ಬರು ಹುಡುಗಿಯರು ಮಾಡಿದ್ದ ಪುಟ್ಟ ರೋಬೋ ಕಾರು ಮೇಜಿನ ಮೇಲೆ ಕದಲದೆ ಕೂತಿತ್ತು. ಕೋಡ್ ಸರಿ ಇತ್ತು. ಸೆಲ್ ಚಾರ್ಜ್ ಆಗಿತ್ತು. ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡಿನ ದೀಪವೂ ಉರಿಯುತ್ತಿತ್ತು. ಪಾಪ, ಎರಡು ದಿನದಿಂದ ಕೋಡ್ ತಿದ್ದಿ ತಿದ್ದಿ ಸುಸ್ತಾಗಿದ್ದರು. ಇಲ್ಲದಿದ್ದದ್ದು ಒಂದೇ ಒಂದು ಗ್ರೌಂಡ್ ವೈರ್, ಅಂದರೆ ಎರಡು ಬೋರ್ಡ್‌ಗಳ ಮೈನಸ್ ಸೇರಿಸುವ ವೈರ್. ಅದನ್ನು ಸಿಕ್ಕಿಸಿದ ಕೂಡಲೇ ಕಾರು ಓಡಿತು. ಕಾಲೇಜು ಪ್ರಾಜೆಕ್ಟ್‌ಗಳಲ್ಲೂ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ಬರಹ.

ಬೇಕಾದ ಸಾಮಾನು: ಆರ್ಡುಯಿನೊ ಊನೊ (ಕೋಡ್ ಓಡಿಸುವ ಪುಟ್ಟ ಬೋರ್ಡ್), ಎಲ್298ಎನ್ ಡ್ರೈವರ್ ಬೋರ್ಡ್, ಹಳದಿ ಬಿಒ ಮೋಟಾರ್ (ಆಟಿಕೆ ಕಾರುಗಳ ಗೇರ್ ಮೋಟಾರ್), ಎರಡು 18650 ಸೆಲ್ (ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್), ಜಂಪರ್ ವೈರ್, 1 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರ್, ಒಂದು ಮಲ್ಟಿಮೀಟರ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮಾತ್ರ ತರಬೇಡಿ. ಮೋಟಾರ್ ಹೊರಡುವಾಗ ಕೇಳುವಷ್ಟು ಕರೆಂಟ್ ಅದರಿಂದ ಬರುವುದಿಲ್ಲ.

ಹಂತ 1: ಮೋಟಾರಿನ ಎರಡು ವೈರ್‌ಗಳನ್ನು ಔಟ್1, ಔಟ್2 ಸ್ಕ್ರೂಗಳಿಗೆ ಬಿಗಿಯಿರಿ.

ಹಂತ 2: ಸೆಲ್‌ಗಳ ಪ್ಲಸ್ ಅನ್ನು ಡ್ರೈವರಿನ 12 ವೋಲ್ಟ್ ಎಂದು ಬರೆದಿರುವ ಸ್ಕ್ರೂಗೆ, ಮೈನಸ್ ಅನ್ನು ಅದರ ಪಕ್ಕದ ಗ್ರೌಂಡ್‌ಗೆ ಹಾಕಿ. ಎರಡು ಸೆಲ್ ಒಂದರ ಹಿಂದೆ ಒಂದು ಸೇರಿದರೆ 7.4 ವೋಲ್ಟ್. ಅದರಲ್ಲಿ ಸುಮಾರು 2 ವೋಲ್ಟ್ ಈ ಚಿಪ್‌ನಲ್ಲೇ ಹೋಗುತ್ತದೆ. ಉಳಿದದ್ದು ಬಿಒ ಮೋಟಾರಿಗೆ ಸಾಕು. ಈಗಲೇ ಸ್ವಿಚ್ ಹಾಕಬೇಡಿ.

ಹಂತ 3: ಗ್ರೌಂಡ್. ಇಲ್ಲಿ ಸ್ವಲ್ಪ ನಿಲ್ಲಿ. ‘ಪಿನ್ನಿನಿಂದ ಸಿಗ್ನಲ್ ಹೋಗಬೇಕು, ಅದಕ್ಕೆ ಒಂದು ವೈರ್ ಸಾಕಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ‘ನಾನು ಐದು ಮೆಟ್ಟಿಲು ಮೇಲಿದ್ದೇನೆ’ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ, ‘ಎಲ್ಲಿಂದ ಐದು?’ ಎಂದು ಕೇಳುತ್ತೀರಿ. ವೋಲ್ಟೇಜೂ ಹಾಗೆಯೇ. ಆರ್ಡುಯಿನೊ ತನ್ನ ಗ್ರೌಂಡಿನಿಂದ ಎಣಿಸಿ 5 ವೋಲ್ಟ್ ಕೊಡುತ್ತದೆ. ಡ್ರೈವರ್ ತನ್ನ ಗ್ರೌಂಡಿನಿಂದ ಎಣಿಸಿ ನೋಡುತ್ತದೆ. ಎರಡಕ್ಕೂ ನೆಲ ಒಂದೇ ಆಗದಿದ್ದರೆ ಒಬ್ಬರ ಐದು ಇನ್ನೊಬ್ಬರಿಗೆ ಐದಲ್ಲ. ಆಗ ಮೋಟಾರ್ ತಿರುಗುವುದೇ ಇಲ್ಲ, ಇಲ್ಲವೇ ತನಗೆ ತೋಚಿದ ಹಾಗೆ ಒಮ್ಮೆ ತಿರುಗಿ ಒಮ್ಮೆ ನಿಲ್ಲುತ್ತದೆ.

ಆದ್ದರಿಂದ ಡ್ರೈವರಿನ ಗ್ರೌಂಡ್ ಸ್ಕ್ರೂನಿಂದ ಆರ್ಡುಯಿನೊ ಗ್ರೌಂಡ್ ಪಿನ್ನಿಗೆ ಒಂದು ಕಪ್ಪು ವೈರ್ ಎಳೆಯಿರಿ. ಕಪ್ಪೇ ಇರಲಿ. ಕೈಗೆ ಸಿಕ್ಕ ಬಣ್ಣ ಹಾಕಿದರೆ ಆಮೇಲೆ ತಪ್ಪು ಹುಡುಕುವುದು ಕಷ್ಟ. ಸೆಲ್‌ಗಳ ಮೈನಸ್ ನೇರವಾಗಿ, ದಪ್ಪ ವೈರಿನಲ್ಲಿ, ಡ್ರೈವರಿಗೇ ಬರಬೇಕು. ಅದನ್ನು ಬ್ರೆಡ್‌ಬೋರ್ಡ್ (ವೈರ್ ಚುಚ್ಚುವ ತೂತುಗಳ ಹಲಗೆ) ಮೇಲಿಂದ ಸುತ್ತಿಸಿ ತರಬೇಡಿ. ತೆಳು ಜಂಪರ್ ವೈರಿನ ತಡೆ ಅರ್ಧ ಓಮ್ ಇದೆ ಎಂದುಕೊಳ್ಳಿ. ಮೋಟಾರಿನ 1 ಆಂಪಿಯರ್ ಅದರಲ್ಲಿ ಹರಿದರೆ ಗ್ರೌಂಡೇ ಅರ್ಧ ವೋಲ್ಟ್ ಮೇಲೇಳುತ್ತದೆ. ಅಗ್ಗದ ಜಂಪರ್ ವೈರ್ ಕಟ್ಟುಗಳಲ್ಲಿ ಒಳಗೇ ತುಂಡಾದವೂ ಇರುತ್ತವೆ. ನಾನು ಪ್ರತಿ ವೈರನ್ನೂ ಮಲ್ಟಿಮೀಟರಿನಲ್ಲಿ ‘ಬೀಪ್’ ಮಾಡಿಸಿಯೇ (ಎರಡು ತುದಿ ಒಳಗೆ ಸೇರಿದ್ದರೆ ಮೀಟರ್ ಕೂಗುತ್ತದೆ) ಬಳಸುತ್ತೇನೆ. ನೀವೂ ಹಾಗೇ ಮಾಡಿ. ಕೊನೆಗೆ ಆರ್ಡುಯಿನೊ ಗ್ರೌಂಡಿಗೂ ಡ್ರೈವರ್ ಗ್ರೌಂಡಿಗೂ ಮೀಟರಿನ ಕಡ್ಡಿ ಇಡಿ. ಬೀಪ್ ಬರದೆ ಮುಂದಿನ ಹಂತಕ್ಕೆ ಹೋಗಬೇಡಿ.

ಆರ್ಡುಯಿನೊಗೆ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕರೆಂಟ್ ಇದ್ದರೆ, ಡ್ರೈವರಿನ 5 ವೋಲ್ಟ್ ಸ್ಕ್ರೂಗೆ ಏನನ್ನೂ ಜೋಡಿಸಬೇಡಿ. ಗ್ರೌಂಡ್ ಮಾತ್ರ ಸೇರಿರಲಿ.

ಹಂತ 4: ಡ್ರೈವರಿನ ಇನ್1 ಅನ್ನು ಆರ್ಡುಯಿನೊ ಪಿನ್ 7ಕ್ಕೆ, ಇನ್2 ಅನ್ನು ಪಿನ್ 8ಕ್ಕೆ ಹಾಕಿ. ನಡುವೆ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಇರಲಿ. ಇದಿಲ್ಲದೆಯೂ ಕೆಲಸ ನಡೆಯುತ್ತದೆ, ನಿಜ. ಆದರೆ ವೈರ್ ತಪ್ಪಿ 5 ವೋಲ್ಟ್‌ಗೆ ತಾಗಿದರೆ ಪಿನ್ ಉಳಿಯುತ್ತದೆ. ಒಂದು ಪಿನ್ನಿನಿಂದ 20 ಮಿಲಿ ಆಂಪಿಯರ್‌ಗಿಂತ ಜಾಸ್ತಿ ಎಳೆಯಬಾರದು. ಡ್ರೈವರ್ ಇನ್‌ಪುಟ್‌ಗೆ ಬೇಕಾಗುವುದು ಅದರ ನೂರರಲ್ಲೊಂದು ಪಾಲೂ ಅಲ್ಲ. ಹಾಗಾಗಿ ರೆಸಿಸ್ಟರಿನಿಂದ ಸಿಗ್ನಲ್ ಸೊರಗುವುದಿಲ್ಲ.

ಹಂತ 5: ವೇಗ ಹತೋಟಿಗೆ ಬೇಕಿದ್ದರೆ ಡ್ರೈವರಿನ ಇಎನ್‌ಎ (ENA, ಮೋಟಾರನ್ನು ಚಾಲೂ ಮಾಡುವ ಕಡ್ಡಿ) ಮೇಲಿನ ಪುಟ್ಟ ಕ್ಯಾಪ್ ತೆಗೆಯಿರಿ. ಎರಡು ಕಡ್ಡಿ ಕಾಣುತ್ತವೆ. ಒಂದು ಇಎನ್‌ಎ, ಇನ್ನೊಂದು 5 ವೋಲ್ಟ್! ಎರಡನೆಯದಕ್ಕೆ ಆರ್ಡುಯಿನೊ ಪಿನ್ ಕೊಟ್ಟು ಬೋರ್ಡ್ ಕೆಡಿಸಿಕೊಂಡವರಿದ್ದಾರೆ. ಕರೆಂಟ್ ಇಲ್ಲದಾಗ ಒಂದೊಂದು ಕಡ್ಡಿಯನ್ನೂ 5 ವೋಲ್ಟ್ ಸ್ಕ್ರೂ ಜೊತೆ ಬೀಪ್ ಮಾಡಿಸಿ ನೋಡಿ. ಬೀಪ್ ಆದದ್ದನ್ನು ಬಿಡಿ. ಇನ್ನೊಂದನ್ನು, ಅದೇ ಥರ 1 ಕಿಲೋ ಓಮ್ ರೆಸಿಸ್ಟರ್ ಮೂಲಕ, ಪಿನ್ 9ಕ್ಕೆ ಕೊಡಿ. ಊನೊದಲ್ಲಿ ಪಿಡಬ್ಲ್ಯುಎಂ (ಪಿನ್ನನ್ನು ಬೇಗ ಬೇಗ ಆನ್-ಆಫ್ ಮಾಡಿ ವೇಗ ಹೊಂದಿಸುವ ವಿಧಾನ) ಬರುವುದು 3, 5, 6, 9, 10, 11ರಲ್ಲಿ ಮಾತ್ರ. ಇಎನ್‌ಎಯಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಿ. ರೀಸೆಟ್ ಆದಾಗ ಆರ್ಡುಯಿನೊ ಪಿನ್‌ಗಳು ಕೆಲ ಕ್ಷಣ ಯಾರ ಹಿಡಿತದಲ್ಲೂ ಇರುವುದಿಲ್ಲ. ಆಗ ಕಾರು ಸುಮ್ನೆ ಜಿಗಿಯದ ಹಾಗೆ ಇದು ತಡೆಯುತ್ತದೆ.

ಆರ್ಡುಯಿನೊ ಬದಲು ಇಎಸ್‌ಪಿ32 ಬೋರ್ಡ್ ಇದ್ದವರಿಗೆ ಒಂದು ಮಾತು. ಅದರ ಪಿನ್ ಕೊಡುವುದು 3.3 ವೋಲ್ಟ್. ಎಲ್298ಎನ್‌ಗೆ 2.3 ವೋಲ್ಟ್ ಸಿಕ್ಕರೆ ‘ಹೈ’ (ಆನ್) ಎಂದು ಒಪ್ಪಿಕೊಳ್ಳುತ್ತದೆ, ಹಾಗಾಗಿ ತೊಂದರೆ ಇಲ್ಲ. ಎಲ್298ಎನ್ ಬದಲು ಟಿಬಿ6612 ಡ್ರೈವರ್ ಆದರೆ ಅದರ ವಿಸಿಸಿಗೆ (ಚಿಪ್ಪಿಗೆ ಕರೆಂಟ್ ಕೊಡುವ ಪಿನ್) 3.3 ವೋಲ್ಟನ್ನೇ ಕೊಡಿ. 5 ವೋಲ್ಟ್ ಕೊಟ್ಟರೆ ಅದು ‘ಹೈ’ಗೆ 3.5 ವೋಲ್ಟ್ ಕೇಳುತ್ತದೆ. ಅದರ ಸ್ಟ್ಯಾಂಡ್‌ಬೈ ಪಿನ್ನನ್ನೂ ಹೈ ಮಾಡಬೇಕು. ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್‌ಗೆ ಮಾತ್ರ, ಅವನ್ನು ಮುಟ್ಟಬೇಡಿ.

ಹಂತ 6: ಕೋಡಿನಲ್ಲಿ ಮೂರೂ ಪಿನ್‌ಗಳನ್ನು ಔಟ್‌ಪುಟ್ ಎಂದು ಘೋಷಿಸಿ. ಇನ್1 ಹೈ, ಇನ್2 ಲೋ, ಇಎನ್‌ಎಗೆ 150 (0 ಅಂದರೆ ನಿಂತಂತೆ, 255 ಅಂದರೆ ಪೂರ್ತಿ ವೇಗ). ಚಕ್ರ ಗಾಳಿಯಲ್ಲಿರುವಂತೆ ಕಾರನ್ನು ಒಂದು ಡಬ್ಬದ ಮೇಲಿಟ್ಟು ಸ್ವಿಚ್ ಹಾಕಿ. ಉಲ್ಟಾ ತಿರುಗಿದರೆ ಕೋಡ್ ಮುಟ್ಟಬೇಡಿ. ಮೋಟಾರಿನ ಎರಡು ವೈರ್ ಅದಲುಬದಲು ಮಾಡಿ.