ಪ್ರಾಗ್‌ನಲ್ಲಿ ಮೂರು ದಿನ, ಜಗಳವಿಲ್ಲದೆ

ವ್ಲ್ಟಾವಾ ನದಿಯ ಎರಡೂ ದಂಡೆಗೆ ಹಬ್ಬಿಕೊಂಡಿರುವ, ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ನಾನು ಮೂರು ಬಾರಿ ಹೋಗಿದ್ದೇನೆ. ಅಲ್ಲಿ ಕೈ ಹಿಡಿದು ನಡೆಯುವ ಜೋಡಿಗಳಷ್ಟೇ, ಹಣ ಬದಲಿಸುವ ಕಿಟಕಿಯ ಮುಂದೆ ಮುಖ ಊದಿಸಿಕೊಂಡು ನಿಂತ ಜೋಡಿಗಳನ್ನೂ ಕಂಡಿದ್ದೇನೆ. ಮೊದಲ ಸಲ ಆ ಸಾಲಿನಲ್ಲಿ ನಾವೂ ಇದ್ದೆವು. ಹಾಗಾಗಿ ಈ ಲೇಖನ.

ಹಂತ 1: ವೀಸಾ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಬೇಕು. ಹೆಚ್ಚು ರಾತ್ರಿ ಜೆಕ್ ದೇಶದಲ್ಲೇ ತಂಗುವುದಾದರೆ ಅರ್ಜಿಯನ್ನೂ ಅವರಿಗೇ ಕೊಡಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನ ಉಳಿದಿರುವುದು ಕೊನೆಯ ಗಡುವು. ಆದರೆ ಕೊನೆಯವರೆಗೆ ಕಾಯುವವರಿಗೆ ನನ್ನ ಸಹಾನುಭೂತಿ ಇಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಏಜೆಂಟರು 'ಎಂಟು ದಿನ, ಆರು ದೇಶ' ಎಂದು ಶುರುಮಾಡಿದರೆ ಕಾಫಿ ಕುಡಿದು ಎದ್ದು ಬನ್ನಿ.

ಹಂತ 2: ಕಾಲ. ಮೇ ಅಥವಾ ಸೆಪ್ಟೆಂಬರ್. ಆಗಸ್ಟ್ ಬೇಡವೇ ಬೇಡ, ಜಾತ್ರೆ. ಮೇ 1ಕ್ಕೆ ಅಲ್ಲಿದ್ದರೆ ಪೆತ್ರೀನ್ ಗುಡ್ಡ ಹತ್ತಿ. ಅಂದು ಹೂ ಬಿಟ್ಟ ಚೆರ್ರಿ ಮರದ ಕೆಳಗೆ ನಲ್ಲೆಗೆ ಮುತ್ತು ಕೊಡುವುದು ಜೆಕ್ ಜನರ ಪದ್ಧತಿ. ಗುಡ್ಡದಲ್ಲಿರುವ ಕವಿ ಕಾರೆಲ್ ಹಿನೆಕ್ ಮಾಖಾ ಅವರ ಪ್ರತಿಮೆಯ ಬಳಿ ಜೋಡಿಗಳ ಸಾಲೇ ಇರುತ್ತದೆ. ಅಜ್ಜ ಅಜ್ಜಿಯರೂ ನಿಂತಿರುತ್ತಾರೆ, ಸಂಕೋಚ ಬೇಡ.

ಹಂತ 3: ವಸತಿ. ಹಳೇ ಪಟ್ಟಣದ ಚೌಕದ ಪಕ್ಕದಲ್ಲೇ ಕೋಣೆ ಹಿಡಿಯಬೇಡಿ. ನಡುರಾತ್ರಿಯಾದರೂ ಕುಡುಕರ ಹಾಡು ನಿಲ್ಲುವುದಿಲ್ಲ. ವಿನೋಹ್ರಾದಿ ಬಡಾವಣೆ ನನ್ನ ಆಯ್ಕೆ. ಅಲ್ಲಿನ ನಾಮ್ಯೆಸ್ತಿ ಮಿರು ಮೆಟ್ರೊ ನಿಲ್ದಾಣದಿಂದ ಹಳೇ ಪಟ್ಟಣ ಮೂರನೇ ನಿಲ್ದಾಣ. ನಾಮ್ಯೆಸ್ತಿ ಮಿರು ನಿಲ್ದಾಣದ ಎಸ್ಕಲೇಟರ್ 87 ಮೀಟರ್ ಉದ್ದವಿದೆ. ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು, ಮಾತನಾಡಿಕೊಳ್ಳಲು ಸಾಕಷ್ಟು ಸಮಯ.

ಹಂತ 4: ಹಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜೆಕ್ ದೇಶದಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. ಒಂದು ಕೊರುನಾ ನಮ್ಮ ನಾಲ್ಕು ರೂಪಾಯಿಯ ಆಸುಪಾಸು. ಒಂದು ಯೂರೋಗೆ ಸುಮಾರು 24–25 ಕೊರುನಾ. ಈ ಎರಡು ಅಂಕಿ ಬಾಯಿಪಾಠವಾಗಿರಲಿ.

ವಿಮಾನ ನಿಲ್ದಾಣದಲ್ಲಿ, ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ 'ಕಮಿಷನ್ ಶೂನ್ಯ' ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಬರೆದದ್ದು ನಿಜವೇ. ಕಮಿಷನ್ ಕೇಳುವುದಿಲ್ಲ, ದರದಲ್ಲೇ ಕತ್ತರಿಸುತ್ತಾರೆ. ಕಣ್ಣಿಗೆ ಹೊಡೆಯುವಂತೆ ಬರೆದ ಒಳ್ಳೆಯ ದರ, ಅವರು ನಮಗೆ ಯೂರೋ ಮಾರುವ ದರವಾಗಿರಬಹುದು, ಇಲ್ಲವೇ ಭಾರೀ ಮೊತ್ತ ಬದಲಿಸುವವರಿಗೆ ಮಾತ್ರ ಕೊಡುವ ದರವಾಗಿರಬಹುದು. ಹಾಗೊಂದು ಅಂಗಡಿಯಲ್ಲಿ ನನಗೆ ಯೂರೋಗೆ ಹದಿನೇಳೇ ಕೊರುನಾ ಸಿಕ್ಕಿತು. ಆ ಸಂಜೆ ನನ್ನವಳು ನನ್ನೊಡನೆ ಆಡಿದ ಮಾತುಗಳೂ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದ ನೋಟು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: 'ನೂರು ಯೂರೋ ಕೊಟ್ಟರೆ ನನ್ನ ಕೈಗೆ ಎಷ್ಟು ಕೊರುನಾ ಬರುತ್ತದೆ?' ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. 2,300ಕ್ಕಿಂತ ಕಡಿಮೆ ಬರೆದರೆ ಪಕ್ಕದ ಬೀದಿಗೆ ನಡೆಯಿರಿ. ಮೋಸ ಹೋದ ಮೇಲೂ ದಾರಿಯಿದೆ. 2019ರಲ್ಲಿ ಬಂದ ಕಾನೂನಿನ ಪ್ರಕಾರ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಹಿಡಿದು ಅದೇ ಅಂಗಡಿಗೆ ಹೋಗಿ, ದನಿ ಏರಿಸದೆ ಕೇಳಿ. ರಸೀದಿ ಎಸೆದಿದ್ದರೆ ಕತೆ ಮುಗಿಯಿತು. ಬೀದಿಯಲ್ಲಿ ತಾನೇ ಹತ್ತಿರ ಬಂದು 'ಒಳ್ಳೆಯ ದರ' ಎನ್ನುವವನತ್ತ ತಿರುಗಿಯೂ ನೋಡಬೇಡಿ. ಅವನು ಕೊಡುವುದು ಯಾವುದೋ ಬೇರೆ ದೇಶದ, ಬೆಲೆಯಿಲ್ಲದ ನೋಟು.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ಎಟಿಎಂ ಇದೆ. ಬೀದಿ ಮೂಲೆಯಲ್ಲಿ ಒಂಟಿಯಾಗಿ ನಿಂತ ಯಂತ್ರ ಬಿಟ್ಟು, ಬ್ಯಾಂಕಿನ ಗೋಡೆಯಲ್ಲಿರುವುದನ್ನು ಹುಡುಕಿ. 'ಮೊತ್ತವನ್ನು ರೂಪಾಯಿಗೆ ಪರಿವರ್ತಿಸಲೇ?' ಎಂದು ಪರದೆ ಕೇಳಿದರೆ ಬೇಡವೆನ್ನಿ. ಯಂತ್ರ ಎರಡನೇ ಸಲ ಇನ್ನೂ ವಿನಯದಿಂದ ಕೇಳಬಹುದು. ಆಗಲೂ ಬೇಡ. ಹೋಟೆಲಿನಲ್ಲಿ ಕಾರ್ಡ್ ಉಜ್ಜುವಾಗಲೂ ಇದೇ ಉತ್ತರ, ಬಿಲ್ಲು ಕೊರುನಾದಲ್ಲೇ ಇರಲಿ.

ಹಂತ 5: ಟ್ರ್ಯಾಮ್. ಕಾಗದದ ಟಿಕೆಟ್ ಕೊಂಡರೆ ಸಾಲದು. ಹಳದಿ ಪೆಟ್ಟಿಗೆಗೆ ತುರುಕಿ ಸಮಯದ ಮುದ್ರೆ ಒತ್ತಿಸಿಕೊಳ್ಳಬೇಕು, ಇಲ್ಲವಾದರೆ ಟಿಕೆಟ್ ಕಿಸೆಯಲ್ಲೇ ಇದ್ದರೂ ದಂಡ.

ಹಂತ 6: ಚಾರ್ಲ್ಸ್ ಸೇತುವೆ. ಬೆಳಗಿನ ಹತ್ತು ಗಂಟೆಗೆ ಹೋಗಿ 'ಏನಿದು, ಮೆಜೆಸ್ಟಿಕ್ ಇದ್ದ ಹಾಗಿದೆ' ಎಂದು ಗೊಣಗುವವರೇ ಹೆಚ್ಚು. ತಪ್ಪು ಸೇತುವೆಯದಲ್ಲ. ನಾಲ್ಕನೇ ಚಾರ್ಲ್ಸ್ ದೊರೆ ಇದಕ್ಕೆ ಅಡಿಗಲ್ಲು ಇಟ್ಟದ್ದು 1357ನೇ ಇಸವಿಯ 9ನೇ ತಾರೀಖು, 7ನೇ ತಿಂಗಳು, ಬೆಳಗಿನ 5 ಗಂಟೆ 31 ನಿಮಿಷಕ್ಕೆ ಎಂಬ ಐತಿಹ್ಯವಿದೆ. ಅಂಕಿಗಳನ್ನು ಸಾಲಾಗಿ ಬರೆದು ನೋಡಿ: 1 3 5 7 9 7 5 3 1. ಹಿಂದಿನಿಂದ ಓದಿದರೂ ಅದೇ. ಮುಹೂರ್ತ ನೋಡುವ ಚಟ ನಮಗೊಬ್ಬರಿಗೇ ಅಲ್ಲ. ನೀವೂ ಅದೇ ಮುಹೂರ್ತ ಹಿಡಿಯಿರಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆ ಹಳೇ ಪಟ್ಟಣದ ಗೋಪುರದ ಕಡೆಯಿಂದ ಹೆಜ್ಜೆ ಹಾಕಿದರೆ 516 ಮೀಟರ್ ಉದ್ದದ ಕಲ್ಲುದಾರಿ, ಮೂವತ್ತು ವಿಗ್ರಹ, ಎದುರಿಗೆ ಕೋಟೆ. ಮದುವೆಯ ಉಡುಪಿನಲ್ಲಿ ಫೋಟೊ ತೆಗೆಸಿಕೊಳ್ಳುವ ಒಂದೆರಡು ಜೋಡಿ ಬಿಟ್ಟರೆ ಯಾರೂ ಇರುವುದಿಲ್ಲ. ಪ್ರೀತಿಯ ಗುರುತೆಂದು ಊರಿನಿಂದ ಬೀಗ ತಂದು ಕಂಬಿಗೆ ಹಾಕಿ ಕೀಲಿಯನ್ನು ಹೊಳೆಗೆ ಎಸೆಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅದು ಕಸ ಅಷ್ಟೇ.

ಹಳೇ ಪಟ್ಟಣದ ಚೌಕದಲ್ಲಿರುವ ಖಗೋಳ ಗಡಿಯಾರದ ಬಗ್ಗೆ ಒಂದು ಮಾತು. 1410ರದು, ನೋಡಲೇಬೇಕು. ಆದರೆ ಗಂಟೆಗೊಮ್ಮೆ ಬೊಂಬೆಗಳು ಸುತ್ತುವ ಹೊತ್ತಿನಲ್ಲಿ ಕಣ್ಣು ಮೇಲಿರಲಿ, ಕೈ ಕಿಸೆಯ ಮೇಲಿರಲಿ.

ಹಂತ 7: ಊಟ. ಸಸ್ಯಾಹಾರಿಗಳು 'ಸ್ಮಾಜೆನಿ ಸೀರ್' ಕೇಳಿ. ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಚೀಸ್, ಜೊತೆಗೆ ಆಲೂಗಡ್ಡೆ. ಹೊರಗವಚದಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಎಚ್ಚರ. ಪ್ರತಿ ಮೂಲೆಯಲ್ಲೂ 'ಪ್ರಾಚೀನ ಜೆಕ್ ತಿನಿಸು' ಎಂಬ ಫಲಕ ಹಾಕಿ ಸುರುಳಿ ರೊಟ್ಟಿಗೆ ಐಸ್‌ಕ್ರೀಮ್ ತುಂಬಿ ಮಾರುವ ತರ್ಡೆಲ್ನಿಕ್ ಇದೆಯಲ್ಲ, ಅದು ಪ್ರಾಗ್‌ನ ಹಳೆಯ ತಿಂಡಿಯೇನೂ ಅಲ್ಲ. ಪ್ರವಾಸಿಗರಿಗೆಂದೇ ಹಬ್ಬಿದ ವ್ಯಾಪಾರ.

ಹಂತ 8: ನದಿ. ರಾತ್ರಿಯೂಟದ ದೊಡ್ಡ ದೋಣಿಗೆ ದುಡ್ಡು ಸುರಿಯಬೇಡಿ, ಊಟ ಸಪ್ಪೆ, ಸಂಗೀತ ಜೋರು. ರಾಷ್ಟ್ರೀಯ ರಂಗಮಂದಿರದ ಪಕ್ಕದ ಸ್ಲೊವಾನ್ಸ್ಕಿ ದ್ವೀಪದಲ್ಲಿ ಪೆಡಲ್ ದೋಣಿಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ, ಹಂಸದ ಆಕಾರದವೂ ಇವೆ. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಹತ್ತಿ. ಚಾರ್ಲ್ಸ್ ಸೇತುವೆಯತ್ತ ಹರಿವಿನ ಜೊತೆ ಸಾಗುವುದು ಸುಲಭ, ವಾಪಸಾಗುವಾಗ ಇಬ್ಬರೂ ತುಳಿಯಬೇಕಾಗುತ್ತದೆ. ಉಳಿದ ಕೊರುನಾ ನಾಣ್ಯಗಳನ್ನು ಇಲ್ಲೇ ಬಾಡಿಗೆಗೆ ಕೊಟ್ಟು ಮುಗಿಸಿ. ಊರಿಗೆ ಬಂದ ಮೇಲೆ ಅವನ್ನು ಯಾರೂ ಬದಲಿಸಿಕೊಡುವುದಿಲ್ಲ.