ಸ್ಟಾಫ್ ಹಿಡಿಯಲು ಜನ ಇಲ್ಲದಾಗ ಲೆವೆಲ್ ತೆಗೆಯುವ ಬಗೆ

ಅಡಿಕೆ ತೋಟಕ್ಕೆ ಬಸಿಗಾಲುವೆ, ಕೃಷಿಹೊಂಡಕ್ಕೆ ನೀರು ಬರುವ ದಾರಿ, ಮನೆಯ ಪಾಯದ ಮಟ್ಟ. ಇಂಥ ಸಣ್ಣ ಕೆಲಸಗಳಿಗೆ ಲೆವೆಲ್ ತೆಗೆಯಲು, ಅಂದರೆ ನೆಲದ ಏರುತಗ್ಗು ಅಳೆಯಲು, ಭೂಮಾಪಕರು ಒಬ್ಬರೇ ಹೋಗಬೇಕಾಗುವುದೇ ಹೆಚ್ಚು. ಸ್ಟಾಫ್ (ಅಳತೆಯ ಗುರುತುಗಳಿರುವ ಉದ್ದ ಕೋಲು) ಹಿಡಿಯುವವರ ದಿನಗೂಲಿಯೂ ಸೇರಿದರೆ ಮಾಲೀಕರಿಗೆ ಖರ್ಚು ಹೊರೆಯಾಗುತ್ತದೆ. ಮಾಲೀಕರ ಕೈಗೇ ಸ್ಟಾಫ್ ಕೊಟ್ಟು ನಿಲ್ಲಿಸುವ ರೂಢಿಯೂ ಇದೆ. ಅದು ನನಗೆ ಒಪ್ಪಿಗೆಯಿಲ್ಲ. ಅಭ್ಯಾಸವಿಲ್ಲದ ಕೈಯಲ್ಲಿ ಸ್ಟಾಫ್ ವಾಲುತ್ತದೆ, ಟರ್ನಿಂಗ್ ಪಾಯಿಂಟ್‌ನಲ್ಲಿ (ಉಪಕರಣ ಸರಿಸುವ ಮುನ್ನ ಮತ್ತು ಸರಿಸಿದ ಮೇಲೆ ಎರಡು ಸಲ ಓದುವ ಬಿಂದು) ಜಾಗ ಬದಲಾಗುತ್ತದೆ, ಮತ್ತು ಆ ತಪ್ಪು ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಅದಕ್ಕಿಂತ ಸರಿಯಾದ ಏರ್ಪಾಡು ಮಾಡಿಕೊಂಡು ಒಬ್ಬರೇ ಮಾಡುವುದು ಮೇಲು.

ಒಬ್ಬರೇ ಮಾಡುವಾಗ ಸಮಯ ತಿನ್ನುವುದು ಓದುವ ಕೆಲಸವಲ್ಲ, ನಡಿಗೆ. ಒಂದು ನಿಲುಗಡೆಯನ್ನು ಲೆಕ್ಕ ಹಾಕಿ ನೋಡಿ. ಹಿಂದಿನ ಬಿಂದುವಿಗೂ ಮುಂದಿನ ಬಿಂದುವಿಗೂ 80 ಮೀಟರ್ ದೂರ, ಆಟೋ ಲೆವೆಲ್ (ಮಟ್ಟವಾದ ದೃಷ್ಟಿರೇಖೆ ಕೊಡುವ ದುರ್ಬೀನಿನ ಉಪಕರಣ) ನಡುವೆ ಇದೆ. ಸ್ಟಾಫ್ ನಿಲ್ಲಿಸಿ ಉಪಕರಣದ ಬಳಿಗೆ ಬಂದು ಓದಬೇಕು, ಹಿಂದೆ ಹೋಗಿ ಸ್ಟಾಫ್ ತರಬೇಕು, ಅದನ್ನು ಮುಂದಿನ ಬಿಂದುವಿನಲ್ಲಿ ನೆಟ್ಟು ಮತ್ತೆ ಉಪಕರಣಕ್ಕೆ ಬರಬೇಕು, ಓದಿ ಉಪಕರಣ ಹೊತ್ತು ಮುಂದೆ ಸಾಗಬೇಕು. 80 ಮೀಟರ್ ದಾಟಲು 240 ಮೀಟರ್ ನಡೆದಂತಾಯಿತು. ಎರಡು ಸ್ಟಾಫ್ ಒಯ್ದರೂ ಈ ನಡಿಗೆ ಕಡಿಮೆಯಾಗುವುದಿಲ್ಲ, ಹಿಂದಿನದನ್ನು ತರಲು ಹೋಗಲೇಬೇಕಲ್ಲ. ಎರಡು ಓದುಗಳು ಬೆನ್ನುಬೆನ್ನಿಗೆ ಸಿಗುತ್ತವೆ ಎಂಬುದಷ್ಟೇ ಲಾಭ.

ಅಂಟುಪಟ್ಟಿಯ ವಿಧಾನ

ಈ ನಡಿಗೆಯನ್ನು ಅರ್ಧಕ್ಕೆ ಇಳಿಸುವ ಉಪಾಯವೊಂದಿದೆ. ಟರ್ನಿಂಗ್ ಪಾಯಿಂಟ್‌ಗಳಿಗೆ ಸ್ಟಾಫ್ ಬಿಟ್ಟು, ಹಿಂಬದಿಯಲ್ಲಿ ಅಂಟು ಇರುವ ಅಳತೆ ಪಟ್ಟಿಗಳನ್ನು ಬಳಸುವುದು. ಸ್ಟಾಫ್‌ನಲ್ಲಿರುವಂತೆ ಸೆಂಟಿಮೀಟರ್ ಚೌಕಗಳ ಗುರುತಿರುವ ಪಟ್ಟಿಯೇ ಆಗಬೇಕು; ಸಾಮಾನ್ಯ ಟೇಪಿನ ಸಣ್ಣ ಗೆರೆಗಳು 40 ಮೀಟರ್ ದೂರಕ್ಕೆ ಕಾಣುವುದಿಲ್ಲ. ಕಾಂಪೌಂಡ್ ಗೋಡೆ, ಬೇಲಿಯ ಕಲ್ಲುಕಂಬ, ಪಂಪ್‌ಹೌಸ್ ಗೋಡೆ ಹೀಗೆ ಅಲುಗಾಡದ ಯಾವುದಾದರೂ ಒಂದಕ್ಕೆ ತೂಗುಗುಂಡು ಹಿಡಿದು ಲಂಬವಾಗಿ ಅಂಟಿಸಿ. ಗಾಳಿಗೆ ತೂಗುವ ಮರ ಬೇಡ.

ಪಟ್ಟಿಯ ಸೊನ್ನೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಅಗತ್ಯವೇ ಇಲ್ಲ. ಮೊದಲ ನಿಲುಗಡೆಯಿಂದ ಫೋರ್‌ಸೈಟ್ (ಉಪಕರಣ ಸರಿಸುವ ಮುನ್ನ ತೆಗೆಯುವ ಕೊನೆಯ ಓದು) ಓದಿದಾಗ ಆ ಸೊನ್ನೆಯ ಮಟ್ಟ ಗೊತ್ತಾಗುತ್ತದೆ. ಮುಂದಿನ ನಿಲುಗಡೆಯಿಂದ ಅದೇ ಪಟ್ಟಿಯನ್ನು ಬ್ಯಾಕ್‌ಸೈಟ್ (ಮಟ್ಟ ಗೊತ್ತಿರುವ ಬಿಂದುವಿನ ಮೊದಲ ಓದು) ಆಗಿ ಓದಿದರೆ ಲೆಕ್ಕ ತಾನಾಗಿ ಮುಂದುವರಿಯುತ್ತದೆ. ಎರಡು ಓದುಗಳ ನಡುವೆ ಪಟ್ಟಿ ಅಲುಗಾಡಬಾರದು, ಅಷ್ಟೇ. ಅದು ಎರಡೂ ನಿಲುಗಡೆಗಳಿಂದ ಕಾಣಬೇಕಾದ್ದರಿಂದ, ನೀವು ಸಾಗುವ ದಾರಿಗೆ ಉದ್ದಕ್ಕೂ ಇರುವ ಗೋಡೆಯ ಮುಖವನ್ನು ಆರಿಸಿ. ಓರೆಯಾಗಿ ನೋಡಿದಾಗ ಪಟ್ಟಿ ಕಿರಿದಾಗಿ ಕಂಡೀತು, ಎತ್ತರದ ಓದು ಬದಲಾಗದು.

ಹೋಗುವಾಗ ಪಟ್ಟಿ ಅಂಟಿಸುತ್ತಾ ಓದುತ್ತಾ ಸಾಗಿ. ಬರುವಾಗ ಉಪಕರಣದ ಜಾಗ ಬದಲಿಸಿ ಅವೇ ಪಟ್ಟಿಗಳನ್ನು ಮತ್ತೆ ಓದುತ್ತಾ ಬೆಂಚ್‌ಮಾರ್ಕ್‌ಗೆ (ಮಟ್ಟ ಗೊತ್ತಿರುವ ಆರಂಭದ ಬಿಂದುವಿಗೆ) ಮರಳಿ. ಹೋಗಿಬರುವ ಎರಡೂ ಸುತ್ತು ಸೇರಿದರೆ ಒಂದೇ ಸ್ಟಾಫ್‌ನಲ್ಲಿ ದಾರಿಯ ಆರು ಪಟ್ಟು ನಡಿಗೆ, ಪಟ್ಟಿಗಳಲ್ಲಿ ಮೂರೇ ಪಟ್ಟು.

ಒಂದು ಉದಾಹರಣೆ. ಪಂಪ್‌ಹೌಸಿನ ಮೆಟ್ಟಿಲಿಗೆ 100.000 ಮೀಟರ್ ಎಂದು ಇಟ್ಟುಕೊಳ್ಳಿ. ಬ್ಯಾಕ್‌ಸೈಟ್ 1.425 ಬಂದರೆ ಉಪಕರಣದ ಎತ್ತರ (ಅದರ ದೃಷ್ಟಿರೇಖೆಯ ಮಟ್ಟ) 101.425. ಕಾಲುವೆ ಆರಂಭವಾಗುವಲ್ಲಿ ಸ್ಟಾಫ್ ಓದು 1.865, ಅಂದರೆ ಮಟ್ಟ 99.560. ಪಟ್ಟಿಯ ಮೇಲೆ ಫೋರ್‌ಸೈಟ್ 2.310, ಸೊನ್ನೆಯ ಮಟ್ಟ 99.115. ಉಪಕರಣ ಮುಂದಕ್ಕೆ ಇಟ್ಟು ಅದೇ ಪಟ್ಟಿಗೆ ಬ್ಯಾಕ್‌ಸೈಟ್ 0.985, ಹೊಸ ಎತ್ತರ 100.100. ನೀರು ಹಳ್ಳಕ್ಕೆ ಬೀಳುವಲ್ಲಿ ಓದು 2.640, ಮಟ್ಟ 97.460. ಬ್ಯಾಕ್‌ಸೈಟ್‌ಗಳ ಮೊತ್ತ 2.410, ಫೋರ್‌ಸೈಟ್‌ಗಳದ್ದು (2.310 ಮತ್ತು 2.640) 4.950. ವ್ಯತ್ಯಾಸ 2.540, ಮೊದಲ ಮತ್ತು ಕೊನೆಯ ಮಟ್ಟಗಳ ವ್ಯತ್ಯಾಸವೂ ಅಷ್ಟೇ ಇದೆ. ಕಾಲುವೆಯ ಇಳಿತ 2.100 ಮೀಟರ್; ಉದ್ದ 420 ಮೀಟರ್ ಇದ್ದರೆ 200ಕ್ಕೆ 1ರ ಇಳಿಜಾರು.

ಆದರೆ ಈ ಮೊತ್ತದ ಪರೀಕ್ಷೆ ಹಿಡಿಯುವುದು ಕೂಡುವ ಕಳೆಯುವ ತಪ್ಪನ್ನು ಮಾತ್ರ. ಓದಿದ್ದೇ ತಪ್ಪಾಗಿದ್ದರೆ ಅದು ಗೊತ್ತಾಗುವುದು ಬೆಂಚ್‌ಮಾರ್ಕ್‌ಗೆ ಮರಳಿದಾಗಲೇ. ಒಬ್ಬರೇ ಇರುವಾಗ ‘ಮತ್ತೊಮ್ಮೆ ಓದಿ’ ಎನ್ನಲು ಇನ್ನೊಬ್ಬರಿಲ್ಲ, ಆದ್ದರಿಂದ ಈ ಮರಳುವಿಕೆಯನ್ನು ಎಂದೂ ಬಿಡಬಾರದು. ಸಾಮಾನ್ಯ ಕೆಲಸಕ್ಕೆ ಒಪ್ಪುವ ವ್ಯತ್ಯಾಸವೆಂದರೆ ಕಿಲೋಮೀಟರಿನಲ್ಲಿ ಅಳೆದ ದೂರದ ವರ್ಗಮೂಲವನ್ನು 24ರಿಂದ ಗುಣಿಸಿದಷ್ಟು ಮಿಲಿಮೀಟರ್. ಒಟ್ಟು ಸುತ್ತು 1 ಕಿಲೋಮೀಟರ್ ಆದರೆ 24, ಕಾಲು ಕಿಲೋಮೀಟರ್ ಆದರೆ 12.

ಸ್ಟಾಫ್ ತಾನೇ ನಿಲ್ಲಬೇಕಾದಲ್ಲಿ

ಬಯಲಿನಲ್ಲಿ ಅಂಟಿಸಲು ಗೋಡೆ ಎಲ್ಲಿದೆ? ಅಲ್ಲಿ ಬೈಪಾಡ್ (ಸ್ಟಾಫನ್ನು ನಿಲ್ಲಿಸಿಡುವ ಎರಡು ಕಾಲಿನ ಆಸರೆ) ಬೇಕು. ಸ್ಟಾಫ್‌ಗೆ ದುಂಡುಗುಳ್ಳೆ (ಅದು ನೇರವಾಗಿ ನಿಂತಿದೆಯೇ ಎಂದು ತೋರಿಸುವ ಗಾಳಿಗುಳ್ಳೆ) ಕಡ್ಡಾಯ, ಏಕೆಂದರೆ ಸ್ಟಾಫನ್ನು ಹಿಂದೆ ಮುಂದೆ ಮೆಲ್ಲನೆ ತೂಗಿಸಿ ಅತಿ ಕಡಿಮೆ ಓದನ್ನು ಹಿಡಿಯುವ ಹಳೆಯ ಕ್ರಮ ಒಬ್ಬರಿಂದ ಆಗುವುದಿಲ್ಲ. 3 ಮೀಟರ್ ಓದಿನಲ್ಲಿ ಸ್ಟಾಫ್ 2 ಡಿಗ್ರಿ ವಾಲಿದರೆ ಸುಮಾರು 2 ಮಿಲಿಮೀಟರ್ ಹೆಚ್ಚು ತೋರಿಸುತ್ತದೆ. ಎರೆಭೂಮಿಯಲ್ಲಿ ಸ್ಟಾಫಿನ ಬುಡ ಕುಸಿಯದಂತೆ ಕಬ್ಬಿಣದ ತಟ್ಟೆ ಇಡಿ. ದನಕರು ಓಡಾಡುವ ಜಾಗದಲ್ಲಿ ಉಪಕರಣವನ್ನು ಕಣ್ಣಳತೆಯಿಂದ ಆಚೆ ಬಿಡಬೇಡಿ.

ಉಪಕರಣದ ದೃಷ್ಟಿರೇಖೆ ಸರಿಯಿದೆಯೇ ಎಂದು ನೋಡಲೂ ಪಟ್ಟಿಗಳು ಸಾಕು. ಮನೆಯ ಹತ್ತಿರ ಸುಮಾರು 60 ಮೀಟರ್ ಅಂತರದಲ್ಲಿ ಎದುರುಬದುರಾಗಿ ಎರಡು ಪಟ್ಟಿ ಕಾಯಂ ಆಗಿ ಅಂಟಿಸಿಡಿ. ಸರಿನಡುವೆ ನಿಂತು ಎರಡನ್ನೂ ಓದಿದಾಗ 1.512 ಮತ್ತು 1.238 ಬಂದವು ಎನ್ನಿ. ನಿಜವಾದ ವ್ಯತ್ಯಾಸ 0.274. ಮೊದಲನೆಯದರಿಂದ 3 ಮೀಟರಿಗೆ ಬಂದು ಓದಿದಾಗ ಅದು 1.430 ಆದರೆ ದೂರದ್ದು 1.156 ಇರಬೇಕು. 1.162 ಬಂದರೆ 6 ಮಿಲಿಮೀಟರ್ ದೋಷವಿದೆ, ಉಪಕರಣವನ್ನು ರಿಪೇರಿಗೆ ಕೊಡಿ. ಅಲ್ಲಿಯವರೆಗೂ ಕೆಲಸ ನಿಲ್ಲಬೇಕಿಲ್ಲ; ಹಿಂದಿನ ಮುಂದಿನ ದೂರ ಸಮವಾಗಿದ್ದರೆ ಈ ದೋಷ ಕಳೆದುಹೋಗುತ್ತದೆ.

ಹತ್ತಾರು ಬಿಂದುಗಳಿದ್ದರೆ ಲೇಸರ್

ಪಟ್ಟಿಯ ವಿಧಾನ ಮಟ್ಟವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು. ಗದ್ದೆಯ ಉದ್ದಗಲಕ್ಕೂ ಬಿಂದುಗಳ ಮಟ್ಟ ಬೇಕಾದರೆ ತಿರುಗುವ ಲೇಸರ್ ಒಳ್ಳೆಯದು. ಅದು ಒಂದೆಡೆ ನಿಂತು ಸುತ್ತಲೂ ಒಂದೇ ಮಟ್ಟದಲ್ಲಿ ಕಿರಣ ಬೀರುತ್ತಾ ತಿರುಗುತ್ತಿರುತ್ತದೆ, ಡಿಟೆಕ್ಟರ್ ಸಿಕ್ಕಿಸಿದ ಸ್ಟಾಫ್ ಹಿಡಿದು ನೀವೇ ಓಡಾಡುತ್ತೀರಿ. ಬಿಸಿಲಿನಲ್ಲಿ ಕಿರಣ ಕಾಣದಿದ್ದರೂ ಡಿಟೆಕ್ಟರ್ ಸದ್ದು ಮಾಡಿ ತಿಳಿಸುತ್ತದೆ. 30 ಮೀಟರಿಗೆ 1.5 ಮಿಲಿಮೀಟರ್ ನಿಖರತೆ ಎಂದು ಬರೆದಿರುವ ಉಪಕರಣ 100 ಮೀಟರಿಗೆ 5 ಮಿಲಿಮೀಟರ್ ತಪ್ಪಬಹುದು ಎಂಬುದು ನೆನಪಿರಲಿ. ಕೆಲಸದ ಆರಂಭದಲ್ಲಿ ಓದಿದ ಬಿಂದುವನ್ನು ಕೊನೆಯಲ್ಲಿ ಮತ್ತೆ ಓದಿ, ನಡುವೆ ಟ್ರೈಪಾಡ್‌ಗೆ ಯಾರಾದರೂ ತಾಗಿದ್ದರೆ ಅಲ್ಲಿಯೇ ತಿಳಿಯುತ್ತದೆ.

ಲೇಸರ್ ಕೊಳ್ಳಲಾಗದವರು ಮೇಸ್ತ್ರಿಗಳ ನೀರಿನ ಪೈಪನ್ನು ಒಂಟಿ ಕೆಲಸಕ್ಕೆ ಒಗ್ಗಿಸಿಕೊಳ್ಳಬಹುದು. ಪೈಪಿನ ಒಂದು ತುದಿಯನ್ನು ಅಗಲ ಬಾಯಿಯ ಬಕೆಟ್‌ನ ನೀರಿನಲ್ಲಿ ಮುಳುಗಿಸಿ ಕಟ್ಟಿ, ಇನ್ನೊಂದನ್ನು ಹಿಡಿದು ನಡೆಯಿರಿ. ಬಕೆಟ್ ಅಗಲ 30 ಸೆಂಟಿಮೀಟರ್, ಪೈಪಿನ ಒಳಗಲ 8 ಮಿಲಿಮೀಟರ್ ಇದ್ದರೆ ಪೈಪಿನಲ್ಲಿ ನೀರು 1 ಮೀಟರ್ ಸರಿದರೂ ಬಕೆಟ್‌ನ ಮಟ್ಟ 1 ಮಿಲಿಮೀಟರಿನಷ್ಟೂ ಬದಲಾಗದು. ಒಳಗೆ ಗಾಳಿಗುಳ್ಳೆ ಉಳಿದರೆ ಮಾತ್ರ ಎಲ್ಲ ಲೆಕ್ಕವೂ ಕೆಡುತ್ತದೆ.

ಉಪಗ್ರಹದ ಸಂಕೇತದಿಂದ ಜಾಗ ಮತ್ತು ಎತ್ತರ ಅಳೆಯುವ ಆರ್‌ಟಿಕೆ ಉಪಕರಣ ಇದ್ದ ಮೇಲೆ ಇದೆಲ್ಲ ಏಕೆ ಎಂದು ಹೊಸಬರು ಕೇಳುತ್ತಾರೆ. ಅದರ ಎತ್ತರದಲ್ಲಿ 2-3 ಸೆಂಟಿಮೀಟರ್ ಏರಿಳಿತ ಸಹಜ. 200ಕ್ಕೆ 1ರ ಕಾಲುವೆಯಲ್ಲಿ 5 ಮೀಟರಿಗೆ ಇಳಿತವೇ 2.5 ಸೆಂಟಿಮೀಟರ್, ನೀರು ಹಿಂದಕ್ಕೆ ಹರಿಯುವಂತೆ ಕಾಣಲೂಬಹುದು. ಅಡಿಕೆ ಸೋಗೆಯ ಕೆಳಗೆ ಉಪಗ್ರಹದ ಸಂಕೇತವೂ ಚೆನ್ನಾಗಿ ಸಿಗದು. ಮೇಲಾಗಿ ಉಪಗ್ರಹ ಕೊಡುವುದು ಸಮುದ್ರಮಟ್ಟದಿಂದ ಅಳೆದ ಎತ್ತರವಲ್ಲ. ಬೆಂಗಳೂರಿನ ಸುತ್ತ ಉಪಗ್ರಹ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕಿಂತ 80 ಮೀಟರ್‌ಗೂ ಮಿಗಿಲಾಗಿ ತಗ್ಗಿರುತ್ತದೆ. ಆ ಅಂಕಿಯನ್ನು ಹಳೆಯ ಬೆಂಚ್‌ಮಾರ್ಕ್‌ನ ಮಟ್ಟದ ಪಕ್ಕದಲ್ಲಿ ಹಾಗೆಯೇ ಬರೆಯಬೇಡಿ.