ನರ ಉಬ್ಬಿದ ಕಾಲಿಗೆ ಬಿಗಿ ಸಾಕ್ಸ್: ಹಾಕುವುದು ಹೇಗೆ?

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದಿನವಿಡೀ ನಿಂತೇ ಇಸ್ತ್ರಿ, ಕಟಿಂಗ್ ಮಾಡುವ ಎಷ್ಟೋ ಜನರ ಮೀನಖಂಡದ ಮೇಲೆ ನೀಲಿ ನರಗಳು ಹುರಿಯಂತೆ ಎದ್ದಿರುತ್ತವೆ. ಡಾಕ್ಟರ್ ಬರೆದುಕೊಟ್ಟ ಬಿಗಿ ಸಾಕ್ಸ್ ತರುತ್ತಾರೆ, ನಾಲ್ಕು ದಿನ ಎಳೆದಾಡಿ ಬೀರುವಿಗೆ ಸೇರಿಸುತ್ತಾರೆ. ಹಾಕುವ ರೀತಿಯನ್ನು ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಮೊದಲು ಇದನ್ನು ನೋಡಿಕೊಳ್ಳಿ. ಸ್ವಲ್ಪ ನಡೆದರೆ ಮೀನಖಂಡ ಹಿಡಿದು, ನಿಂತರೆ ನೋವು ಇಳಿಯುತ್ತದೆಯೇ? ಪಾದ ತಣ್ಣಗಿದೆಯೇ? ಬೆರಳಿನ ಗಾಯ ಮಾಯುತ್ತಿಲ್ಲವೇ? ಹಾಗಿದ್ದರೆ ಕಾಲಿಗೆ ರಕ್ತ ಇಳಿಸುವ ಅಪಧಮನಿ ಕಟ್ಟಿರಬಹುದು. ಅಂಥ ಕಾಲನ್ನು ಬಿಗಿದರೆ ಬರುತ್ತಿರುವ ಚೂರು ರಕ್ತಕ್ಕೂ ಕುತ್ತು. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಕಾಲಿನ ರಕ್ತ ಸಂಚಾರ ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸದೆ ಹಾಕಲೇಬೇಡಿ.

ಅಳತೆ ಬೆಳಿಗ್ಗೆಯೇ ಕೊಡಿ, ಸಂಜೆ ಕಾಲು ಊದಿರುತ್ತದೆ. ಪೊಟ್ಟಣದ ಮೇಲೆ ಒತ್ತಡದ ಅಂಕಿಯೇ ಇಲ್ಲದ ಅಗ್ಗದ ಸಾಕ್ಸ್ ಬೇಡ, ದುಡ್ಡು ದಂಡ. ಬೆರಳು ತೆರೆದಿರುವುದನ್ನೇ ಕೊಳ್ಳಿ. ರಾಯಚೂರಿನ 40 ಡಿಗ್ರಿ ಬಿಸಿಲಲ್ಲಿ ಮುಚ್ಚಿದ್ದು ಸಹಿಸಲು ಆಗುವುದಿಲ್ಲ.

ಹಾಕುವುದು ಹಾಸಿಗೆಯಿಂದ ಏಳುವ ಮೊದಲು. ಕಾಲಿಗೆ ಎಣ್ಣೆ ಇರಬಾರದು, ಎಣ್ಣೆಯೇನಿದ್ದರೂ ರಾತ್ರಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಹಿಡಿತ ಸಿಗುತ್ತದೆ, ಉಗುರೂ ತಾಗುವುದಿಲ್ಲ.

ಎಲ್ಲರೂ ಸೋಲುವುದು ಹಿಮ್ಮಡಿಯ ಹತ್ತಿರ. ಸಾಮಾನ್ಯ ಸಾಕ್ಸಿನ ಹಾಗೆ ಸುರುಳಿ ಸುತ್ತಬೇಡಿ. ಸಾಕ್ಸಿನೊಳಗೆ ಕೈ ಹಾಕಿ ಹಿಮ್ಮಡಿಯ ಗುಳಿಯನ್ನು ಚಿವುಟಿ ಹಿಡಿಯಿರಿ. ಹಿಡಿದಂತೆಯೇ ಕೈ ಹೊರಗೆಳೆಯಿರಿ. ಮೇಲ್ಭಾಗ ಒಳಹೊರಗಾಗುತ್ತದೆ, ಪಾದದ ಭಾಗ ಮಾತ್ರ ಒಳಗೇ ಉಳಿಯುತ್ತದೆ. ಎರಡೂ ಕೈಯಲ್ಲಿ ಬಾಯಿ ಅಗಲಿಸಿ ಪಾದ ತೂರಿಸಿ. ಗುಳಿ ಸರಿಯಾಗಿ ಹಿಮ್ಮಡಿಯ ಮೇಲೆ ಕೂರುವವರೆಗೆ ಮುಂದೆ ಹೋಗಬೇಡಿ. ಅಲ್ಲಿ ವಾರೆಯಾದರೆ ಮೇಲೆಲ್ಲಾ ವಾರೆ! ಆಮೇಲೆ ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸಿ. ಅಂಚು ಹಿಡಿದು ಜಗ್ಗಿದರೆ ಬಟ್ಟೆಯೆಲ್ಲ ಮೊಣಕಾಲ ಹತ್ತಿರ ಗುಡ್ಡೆಯಾಗುತ್ತದೆ. ಮಂಡಿಯ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಿ. ಉದ್ದ ಜಾಸ್ತಿಯಾದರೆ ಮಡಚಬೇಡಿ, ಮಡಚಿದಲ್ಲಿ ಒತ್ತಡ ದುಪ್ಪಟ್ಟಾಗಿ ರಕ್ತ ಮೇಲೇರುವುದೇ ಕಷ್ಟ. ಕೆಳಕ್ಕೆ ಸವರಿ ಹಂಚಿ, ಸುಕ್ಕು ಬಿಡಿಸಿ.

ಮಲಗುವಾಗ ತೆಗೆಯಿರಿ. ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಹಿಂಡಬೇಡಿ. ಆರು ತಿಂಗಳಿಗೆ ಬಿಗಿ ಸಡಿಲವಾಗುತ್ತದೆ, ಆಗ ಹೊಸದು ತನ್ನಿ.

ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಅವತ್ತೇ ಹೋಗಿ.